ಕೆಟ್ಟ ಸುದ್ದಿ ಮೇಲೇರುವ ದಾರಿ: ದೇಶದ ಸಂಸ್ಕೃತಿ ಮತ್ತು ಮಾಹಿತಿ ತಂತ್ರಜ್ಞಾನದ ನಿರ್ವಹಣೆ

2021ರ ಫೆಬ್ರವರಿ 28 ಭಾನುವಾರ, ತಿಂಗಳ ಕೊನೆಯ ದಿನ. ಜಪಾನಿನ ಮೂರು ಬೃಹತ್ ಬ್ಯಾಂಕುಗಳಲ್ಲೊಂದಾದ ಮಿಜುಹೊದ ಎಟಿಎಂಗಳ ಮುಂದೆ ನಿಂತವರಿಗೆ ಹಣವೂ ಸಿಗಲಿಲ್ಲ, ಒಳಗೆ ಹಾಕಿದ ಕಾರ್ಡೂ ಪಾಸ್‌ಬುಕ್ಕೂ ಹೊರಗೆ ಬರಲಿಲ್ಲ. ರಜಾದಿನವಾದ್ದರಿಂದ ಕೇಳೋಣವೆಂದರೆ ಶಾಖೆಗಳ ಬಾಗಿಲು ಮುಚ್ಚಿತ್ತು. ಕಾರ್ಡು ಬಿಟ್ಟು ಹೋಗಲಾರದೆ ಜನ ಗಂಟೆಗಟ್ಟಲೆ ಅಲ್ಲೇ ಕಾದರು. ಆ ದಿನ 4 ಸಾವಿರಕ್ಕೂ ಹೆಚ್ಚು ಯಂತ್ರಗಳು ನಿಂತವು, 5 ಸಾವಿರಕ್ಕೂ ಹೆಚ್ಚು ಕಾರ್ಡು, ಪಾಸ್‌ಬುಕ್ಕುಗಳು ಯಂತ್ರದ ಹೊಟ್ಟೆ ಸೇರಿದವು.

ಅದೇ ವರ್ಷದ ನವೆಂಬರಿನಲ್ಲಿ ಜಪಾನಿನ ಹಣಕಾಸು ನಿಯಂತ್ರಣ ಸಂಸ್ಥೆ ಬ್ಯಾಂಕಿಗೆ ಸುಧಾರಣೆಯ ಆದೇಶ ಹೊರಡಿಸಿತು. ಇಂಥ ಆದೇಶಗಳಲ್ಲಿ ಸಾಮಾನ್ಯವಾಗಿ ಸರ್ವರ್, ಬ್ಯಾಕಪ್, ತಪಾಸಣೆ ಎಂಬ ಮಾತುಗಳಿರುತ್ತವೆ. ಇದರಲ್ಲಿ ಇನ್ನೊಂದು ಮಾತೂ ಇತ್ತು: ಹೇಳಬೇಕಾದ್ದನ್ನು ಹೇಳದಿರುವುದು, ಹೇಳಿದಷ್ಟನ್ನೇ ಮಾಡುವುದು ಈ ಸಂಸ್ಥೆಯ ರೂಢಿಯಾಗಿಬಿಟ್ಟಿದೆ ಎಂಬುದು. ಗಣಕವ್ಯವಸ್ಥೆ ಬಿದ್ದದ್ದಕ್ಕೆ ಮನುಷ್ಯರ ಮೌನವನ್ನೂ ಕಾರಣವೆಂದು ಸರ್ಕಾರವೇ ಬರೆದು ದಾಖಲಿಸಿದ್ದು ನನಗೆ ತೀರ ಮಹತ್ವದ ಸಂಗತಿಯಾಗಿ ಕಾಣುತ್ತದೆ.

ತಂತ್ರಾಂಶದ ದೋಷ ಮೊದಲು ಗೊತ್ತಾಗುವುದು ಕೆಳಗಿನವರಿಗೆ. ಕೋಡ್ ಬರೆಯುವ ಹುಡುಗಿಗೆ, ಕೌಂಟರಿನಲ್ಲಿ ಕೂತ ಗುಮಾಸ್ತನಿಗೆ, ರಾತ್ರಿಪಾಳಿಯ ಆಪರೇಟರಿಗೆ. ಹಣ, ಗಡುವು, ಅಧಿಕಾರ ಇರುವುದು ಮೇಲಿನವರ ಕೈಯಲ್ಲಿ. ಕೆಳಗಿನ ಅರಿವು ಮೇಲಿನ ಅಧಿಕಾರವನ್ನು ಮುಟ್ಟುವ ದಾರಿ ಒಂದೊಂದು ದೇಶದಲ್ಲಿ ಒಂದೊಂದು ಥರ.

ಇಲ್ಲಿ ಸಂಸ್ಕೃತಿ ಎಂದರೆ

ಹಬ್ಬ, ಉಡುಗೆ, ಊಟದ ಮಾತಲ್ಲ. ಸಭೆಯಲ್ಲಿ ಮೊದಲು ಮಾತಾಡುವವರು ಯಾರು, ಹಿರಿಯರಿಗೆ ಎದುರಾಡಬಹುದೇ, ಕೊಟ್ಟ ತಾರೀಖು ಭಾಷೆಯೋ ಅಂದಾಜೋ, ಬರೆದದ್ದು ಹೆಚ್ಚೋ ಬಾಯಿಮಾತು ಹೆಚ್ಚೋ, ಸರ್ಕಾರದ ಕೈಗೆ ಹೆಸರು ವಿಳಾಸ ಕೊಡಲು ಧೈರ್ಯವಿದೆಯೇ ಎಂಬಂಥ, ಯಾರೂ ಪಾಠ ಹೇಳಿಕೊಡದ ರೂಢಿಗಳ ಮಾತು. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ಪ್ರಕಟಿಸಿದ ‘ಬಿಯಾಂಡ್ ಕಲ್ಚರ್’ ಪುಸ್ತಕದಲ್ಲಿ ಇದರ ಒಂದು ಮುಖವನ್ನು ವಿವರಿಸಿದ. ಕೆಲವು ಸಮಾಜಗಳಲ್ಲಿ ಅರ್ಥವೆಲ್ಲ ಆಡಿದ ಮಾತಿನಲ್ಲೇ ಇರುತ್ತದೆ. ಇನ್ನು ಕೆಲವಲ್ಲಿ ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ದನಿಯಲ್ಲಿ ಹೇಳಿದರು ಎಂಬುದರಲ್ಲಿ ಅರ್ಥ ಅಡಗಿರುತ್ತದೆ. ಜರ್ಮನರು, ಸ್ಕ್ಯಾಂಡಿನೇವಿಯದವರು ಮೊದಲ ಗುಂಪಿನವರು, ಜಪಾನಿಗಳು ಎರಡನೆಯ ಗುಂಪಿನವರು ಎಂದು ಅವನ ಲೆಕ್ಕ. ನಾವೂ ಎರಡನೆಯ ಗುಂಪಿಗೆ ಹತ್ತಿರ.

ಐಬಿಎಂ ಒಳಗಿನಿಂದ ಹುಟ್ಟಿದ ಅಳತೆಗೋಲು

ಈ ವಿಷಯದಲ್ಲಿ ಅತಿ ಹೆಚ್ಚು ಕೇಳಿಬರುವ ಹೆಸರು ಡಚ್ ಸಮಾಜ ಮನೋವಿಜ್ಞಾನಿ ಗೀರ್ಟ್ ಹಾಫ್‌ಸ್ಟೀಡ್ (1928–2020). ಅವನ ಸಿದ್ಧಾಂತ ಹುಟ್ಟಿದ್ದೇ ಒಂದು ಕಂಪ್ಯೂಟರ್ ಕಂಪನಿಯ ಒಳಗೆ. 1967ರಿಂದ 1973ರವರೆಗೆ ಐಬಿಎಂ ತನ್ನ ನೌಕರರಿಗೆ ಕೆಲಸದ ಬಗ್ಗೆ, ಮೇಲಧಿಕಾರಿಗಳ ಬಗ್ಗೆ ಪ್ರಶ್ನಾವಳಿ ಹಂಚಿತ್ತು. 70ಕ್ಕೂ ಹೆಚ್ಚು ದೇಶಗಳಿಂದ 1 ಲಕ್ಷ 16 ಸಾವಿರದಷ್ಟು ಉತ್ತರಪತ್ರಿಕೆಗಳು ಬಂದವು. ಕಂಪನಿ ಒಂದೇ, ಕೆಲಸಗಳೂ ಒಂದೇ ಬಗೆಯವು. ಆದರೂ ಉತ್ತರಗಳು ದೇಶದಿಂದ ದೇಶಕ್ಕೆ ಕ್ರಮಬದ್ಧವಾಗಿ ಬೇರೆಯಾಗಿದ್ದವು. ಈ ವ್ಯತ್ಯಾಸವನ್ನು ಹಾಫ್‌ಸ್ಟೀಡ್ 1980ರಲ್ಲಿ ‘ಕಲ್ಚರ್ಸ್ ಕಾನ್ಸಿಕ್ವೆನ್ಸಸ್’ ಪುಸ್ತಕದಲ್ಲಿ ನಾಲ್ಕು ಅಳತೆಗಳಾಗಿ ಮುಂದಿಟ್ಟ. ಆಮೇಲೆ ಇನ್ನೆರಡು ಸೇರಿದವು.

ಐಟಿ ನಿರ್ವಹಣೆಗೆ ನೇರವಾಗಿ ತಾಗುವುದು ಎರಡು. ಒಂದು ಅಧಿಕಾರದ ಅಂತರ, ಅಂದರೆ ಮೇಲು-ಕೀಳಿನ ದೂರವನ್ನು ಕೆಳಗಿನವರು ಎಷ್ಟು ಸಹಜವೆಂದು ಒಪ್ಪಿಕೊಂಡಿದ್ದಾರೆ ಎಂಬುದು. ಭಾರತಕ್ಕೆ 77 ಅಂಕ, ಜಪಾನಿಗೆ 54, ಜರ್ಮನಿಗೂ ಬ್ರಿಟನ್ನಿಗೂ 35, ಡೆನ್ಮಾರ್ಕಿಗೆ 18. ಇನ್ನೊಂದು ಅನಿಶ್ಚಿತತೆಯ ಅಂಜಿಕೆ, ಅಂದರೆ ಮುಂದೇನಾಗುವುದೋ ತಿಳಿಯದ ಸ್ಥಿತಿಯಲ್ಲಿ ಎಷ್ಟು ಚಡಪಡಿಕೆ, ನಿಯಮಕ್ಕೆ ಎಷ್ಟು ಜೋತುಬೀಳುವಿಕೆ ಎಂಬುದು. ಜಪಾನಿಗೆ 92, ಜರ್ಮನಿಗೆ 65, ಭಾರತಕ್ಕೆ 40, ಸಿಂಗಪುರಕ್ಕೆ 8. ಭಾರತದ ಎರಡು ಅಂಕಗಳನ್ನು ಜೊತೆಗಿಟ್ಟು ನೋಡಿದರೆ ನಮ್ಮ ಕಚೇರಿಗಳ ಚಿತ್ರ ಕಣ್ಣಿಗೆ ಕಟ್ಟುತ್ತದೆ: ಸಾಹೇಬರ ಮಾತಿಗೆ ಎದುರಿಲ್ಲ, ಆದರೆ ಗೊತ್ತುಗುರಿ ಇಲ್ಲದ ಪರಿಸ್ಥಿತಿಯಲ್ಲೂ ಹೇಗೋ ಹೊಂದಿಸಿಕೊಂಡು ಕೆಲಸ ದಾಟಿಸಿಬಿಡುತ್ತೇವೆ.

ಈ ಅಳತೆಗೋಲಿಗೆ ಬಿದ್ದ ಪೆಟ್ಟುಗಳೂ ಕಡಿಮೆಯಲ್ಲ. ಬ್ರೆಂಡನ್ ಮೆಕ್‌ಸ್ವೀನಿ 2002ರ ಲೇಖನದಲ್ಲಿ ಎತ್ತಿದ ಆಕ್ಷೇಪ ನೇರವಾದದ್ದು: ಒಂದೇ ಕಂಪನಿಯ ನೌಕರರನ್ನು ಕೇಳಿ ಇಡೀ ದೇಶದ ಮನಸ್ಸನ್ನು ಅಳೆದೆ ಎನ್ನುವುದು ಹೇಗೆ? ಭಾರತದ ಮಟ್ಟಿಗೆ ಈ ಪ್ರಶ್ನೆ ಇನ್ನೂ ತೀಕ್ಷ್ಣ. ಮಂಗಳೂರಿನ ವ್ಯಾಪಾರಿ ಮನೆತನ, ಕಲಬುರಗಿಯ ಒಕ್ಕಲು ಮನೆ, ಬೆಂಗಳೂರಿನ ಮೂರನೇ ತಲೆಮಾರಿನ ಇಂಜಿನಿಯರ್ ಕುಟುಂಬ, ಈ ಮೂರಕ್ಕೂ 77 ಎಂಬ ಒಂದೇ ಅಂಕ ಹೊಂದುವುದಿಲ್ಲ. ಹಾಗಾಗಿ ಈ ಅಂಕಗಳನ್ನು ದಿಕ್ಕು ತೋರುವ ಕೈಮರದಂತೆ ಬಳಸಬಹುದು, ಅದಕ್ಕಿಂತ ಹೆಚ್ಚಿನ ಭಾರ ಹೊರಿಸಬಾರದು.

ಮಿಜುಹೊ: ಮೂರು ಮನೆಯ ಒಂದು ಸಂಸಾರ

ಮಿಜುಹೊ ಹುಟ್ಟಿದ್ದು ದೈ-ಇಚಿ ಕಾಂಗ್ಯೊ, ಫ್ಯೂಜಿ, ಇಂಡಸ್ಟ್ರಿಯಲ್ ಬ್ಯಾಂಕ್ ಆಫ್ ಜಪಾನ್ ಎಂಬ ಮೂರು ಬ್ಯಾಂಕುಗಳ ವಿಲೀನದಿಂದ. ಮೊದಲನೆಯದಕ್ಕೆ ಫುಜಿತ್ಸು ಯಂತ್ರಗಳು, ಎರಡನೆಯದಕ್ಕೆ ಐಬಿಎಂ, ಮೂರನೆಯದಕ್ಕೆ ಹಿಟಾಚಿ. ಒಂದು ವ್ಯವಸ್ಥೆಯನ್ನು ಉಳಿಸಿಕೊಂಡು ಉಳಿದೆರಡನ್ನು ಕೈಬಿಡುವುದು ತಾಂತ್ರಿಕವಾಗಿ ಸರಳ ದಾರಿ. ಆದರೆ ಹಾಗೆ ಮಾಡಿದರೆ ಒಂದು ಮನೆ ಗೆದ್ದಂತೆ, ಎರಡು ಮನೆ ಸೋತಂತೆ. ಮೂವರ ಮಾನವೂ ಉಳಿಯಬೇಕೆಂದು ಹಳೆಯ ವ್ಯವಸ್ಥೆಗಳನ್ನು ಹಾಗೇ ಇಟ್ಟು, ನಡುವೆ ಸೇತುವೆಯಂತೆ ಮತ್ತೊಂದು ಕಂಪ್ಯೂಟರ್ ಜೋಡಿಸಿದರು. 2002ರ ಏಪ್ರಿಲ್ 1ರಂದು ಹೊಸ ಬ್ಯಾಂಕ್ ಬಾಗಿಲು ತೆರೆದ ದಿನವೇ ಎಟಿಎಂಗಳು ಕೈಕೊಟ್ಟವು. ವಿದ್ಯುತ್ ಬಿಲ್ಲು, ಫೋನ್ ಬಿಲ್ಲುಗಳಿಗೆ ಖಾತೆಯಿಂದ ತಾನಾಗಿ ಕಡಿತವಾಗಬೇಕಿದ್ದ ಸುಮಾರು 25 ಲಕ್ಷ ಪಾವತಿಗಳು ತಡವಾದವು.

2011ರ ಮಾರ್ಚ್‌ನಲ್ಲಿ ಭೂಕಂಪ ಮತ್ತು ಸುನಾಮಿ ಸಂತ್ರಸ್ತರಿಗಾಗಿ ದೇಣಿಗೆ ಹರಿದುಬಂದಾಗ ಅದೇ ಬ್ಯಾಂಕಿನ ವ್ಯವಸ್ಥೆ ಎರಡನೇ ಸಲ ಕುಸಿಯಿತು. ಒಂದು ಖಾತೆಗೆ ಒಂದು ದಿನದಲ್ಲಿ ಇಷ್ಟೇ ವಹಿವಾಟು ಎಂದು ಬಹಳ ಹಿಂದೆ ಹಾಕಿಟ್ಟ ಮಿತಿಯನ್ನು ಯಾರೂ ಮರಳಿ ನೋಡಿರಲಿಲ್ಲ. ಆಮೇಲೆ 40 ಸಾವಿರ ಕೋಟಿ ಯೆನ್‌ಗೂ ಹೆಚ್ಚು ಸುರಿದು ‘ಮಿನೊರಿ’ ಎಂಬ ಹೊಚ್ಚಹೊಸ ವ್ಯವಸ್ಥೆ ಕಟ್ಟಿದರು. ಅದು 2019ರ ಜುಲೈನಲ್ಲಿ ಪೂರ್ಣಗೊಂಡಿತು. ಎರಡು ವರ್ಷ ತುಂಬುವ ಮೊದಲೇ ಬಂದದ್ದು ಆ ಫೆಬ್ರವರಿಯ ಭಾನುವಾರ.

ತಿಂಗಳ ಕೊನೆಯ ಹೊರೆಯ ಮೇಲೆ ದತ್ತಾಂಶ ವರ್ಗಾವಣೆಯ ಹೊರೆಯನ್ನೂ ಹಾಕಿದಾಗ ಮೆಮೊರಿಯ ಒಂದು ಭಾಗ ಮಿತಿ ಮೀರಿ ತುಂಬಿತು ಎಂಬುದು ತಾಂತ್ರಿಕ ವಿವರಣೆ. ಯಂತ್ರ ಹೊಸದು, ಹೊರೆ ಹೆಚ್ಚಾದಾಗ ಏನಾದೀತೆಂದು ಕೇಳುವವರು ಮಾತ್ರ ಇರಲಿಲ್ಲ. 2021ರ ಫೆಬ್ರವರಿಯಿಂದ ಸೆಪ್ಟೆಂಬರ್ ಒಳಗೆ ಅಂಥ ಎಂಟು ವೈಫಲ್ಯಗಳಾದವು. ಕೊನೆಗೆ ಸಮೂಹದ ಮುಖ್ಯಸ್ಥರು ರಾಜೀನಾಮೆ ಘೋಷಿಸಿದರು.

ಮುದ್ರೆ, ಫ್ಯಾಕ್ಸ್, ಫ್ಲಾಪಿ

ಜಪಾನಿನ ಕಚೇರಿಗಳಲ್ಲಿ ‘ರಿಂಗಿ’ ಎಂಬ ಪದ್ಧತಿಯಿದೆ. ಪ್ರಸ್ತಾವವೊಂದು ಕೆಳಗಿನಿಂದ ಹೊರಟು, ಸಂಬಂಧಪಟ್ಟ ಪ್ರತಿಯೊಬ್ಬರ ಮೇಜಿಗೂ ಹೋಗಿ, ಪ್ರತಿಯೊಬ್ಬರ ‘ಹಾಂಕೊ’ ಮುದ್ರೆ ಒತ್ತಿಸಿಕೊಂಡು ಮೇಲೇರುತ್ತದೆ. ಅದಕ್ಕೂ ಮೊದಲು ಒಬ್ಬೊಬ್ಬರನ್ನೇ ಖಾಸಗಿಯಾಗಿ ಕಂಡು ಒಪ್ಪಿಸುವ ‘ನೆಮಾವಾಶಿ’ ನಡೆದಿರುತ್ತದೆ. ಮರವನ್ನು ಕಿತ್ತು ಬೇರೆಡೆ ನೆಡುವ ಮುನ್ನ ಬೇರಿನ ಸುತ್ತ ಮಣ್ಣು ಸಡಿಲಿಸುವುದಕ್ಕೆ ತೋಟಗಾರರು ಬಳಸುವ ಮಾತು ಅದು. ತೀರ್ಮಾನ ತಡವಾಗುತ್ತದೆ, ಆದರೆ ಆದಮೇಲೆ ಎಲ್ಲರೂ ಜೊತೆ ನಿಲ್ಲುತ್ತಾರೆ. ತೊಂದರೆ ಇರುವುದು ಹೊಣೆಯಲ್ಲಿ. ಹತ್ತು ಮುದ್ರೆ ಬಿದ್ದ ಕಾಗದಕ್ಕೆ ಹೊಣೆಗಾರ ಯಾರು?

ಕೆಲವು ಬ್ಯಾಂಕುಗಳಲ್ಲಿ ಕಿರಿಯ ನೌಕರ ತನ್ನ ಮುದ್ರೆಯನ್ನು ಪಕ್ಕದ ಹಿರಿಯನ ಮುದ್ರೆಯ ಕಡೆಗೆ ತುಸು ವಾಲಿಸಿ ಒತ್ತುವ ರೂಢಿಯಿದೆ. ಮುದ್ರೆಯೇ ತಲೆಬಾಗಿ ನಮಸ್ಕರಿಸಿದಂತೆ. ಕಾಗದ ಹೋಗಿ ಕಂಪ್ಯೂಟರ್ ಬಂದಾಗ ಎಲೆಕ್ಟ್ರಾನಿಕ್ ಮುದ್ರೆಯ ತಂತ್ರಾಂಶದಲ್ಲೂ ಮುದ್ರೆ ವಾಲಿಸುವ ಸೌಲಭ್ಯ ಸೇರಿಕೊಂಡಿತು. ತಂತ್ರಜ್ಞಾನ ಸಂಸ್ಕೃತಿಯನ್ನು ಬದಲಿಸುತ್ತದೆ ಎನ್ನುವವರು ಈ ಸಣ್ಣ ವಿವರವನ್ನು ನೆನಪಿಡಬೇಕು.

ಫ್ಯಾಕ್ಸ್ ಮೇಲಿನ ಒಲವಿಗೂ ಬೇರುಗಳಿವೆ. ಸಾವಿರಾರು ಕಾಂಜಿ ಅಕ್ಷರಗಳನ್ನು ಕೀಲಿಮಣೆಯಲ್ಲಿ ಕೂರಿಸುವುದು ದೊಡ್ಡ ಸವಾಲಾಗಿತ್ತು. 1978ರಲ್ಲಿ ತೋಶಿಬಾ ಹೊರತಂದ ಮೊದಲ ಜಪಾನಿ ವರ್ಡ್ ಪ್ರೊಸೆಸರಿನ ಬೆಲೆ 63 ಲಕ್ಷ ಯೆನ್. ಕೈಯಲ್ಲಿ ಬರೆದದ್ದನ್ನು ಹಾಗೇ ಕಳಿಸುವ ಫ್ಯಾಕ್ಸ್ ಇರುವಾಗ ಅದು ಯಾರಿಗೆ ಬೇಕು? ಅಮೆರಿಕದ ಸಂಶೋಧಕ ಡೆಟ್ಮಾರ್ ಸ್ಟ್ರಾಬ್ 1994ರಲ್ಲಿ ಜಪಾನ್ ಮತ್ತು ಅಮೆರಿಕದ ವಿಮಾನಯಾನ ಉದ್ಯೋಗಿಗಳ ಇಮೇಲ್-ಫ್ಯಾಕ್ಸ್ ಬಳಕೆಯನ್ನು ಹೋಲಿಸಿ, ಲಿಪಿ ಮತ್ತು ಅನಿಶ್ಚಿತತೆಯ ಅಂಜಿಕೆ ಎರಡನ್ನೂ ಕಾರಣಗಳೆಂದು ಗುರುತಿಸಿದ. ಕಾಲು ಶತಮಾನ ಕಳೆದು ಕೋವಿಡ್ ಬಂದಾಗಲೂ ವೈದ್ಯರು ಸೋಂಕಿತರ ವಿವರವನ್ನು ಕೈಬರಹದಲ್ಲಿ ತುಂಬಿ ಆರೋಗ್ಯ ಕೇಂದ್ರಗಳಿಗೆ ಫ್ಯಾಕ್ಸ್ ಮಾಡುತ್ತಿದ್ದರು. 2020ರಲ್ಲಿ ಸಚಿವ ತಾರೊ ಕೊನೊ ಮುದ್ರೆಯ ವಿರುದ್ಧ ಸಮರ ಸಾರಿದಾಗ, ಮುದ್ರೆ ಬೇಡುವ ಸರ್ಕಾರಿ ವಿಧಿವಿಧಾನಗಳು ಸುಮಾರು 15 ಸಾವಿರ ಇದ್ದವು. 2021ರ ಸೆಪ್ಟೆಂಬರ್ 1ರಂದು ಡಿಜಿಟಲ್ ಇಲಾಖೆ ಹುಟ್ಟಿತು. ಫ್ಲಾಪಿ ಡಿಸ್ಕ್ ಬಳಕೆಗೆ ಸಂಬಂಧಿಸಿದ 1,034 ನಿಯಮಗಳಲ್ಲಿ ಒಂದನ್ನುಳಿದು ಎಲ್ಲವೂ ರದ್ದಾಗಲು 2024 ಬರಬೇಕಾಯಿತು.

ಇದನ್ನು ಹಿಂದುಳಿದಿರುವಿಕೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಬುಲೆಟ್ ರೈಲು, ರೋಬೊಟ್ ಮಾಡಿದ ದೇಶ ಅದು. ಕೆಲಸ ಮಾಡುತ್ತಿರುವ ವಸ್ತುವನ್ನು ಅಪಾಯವಿಲ್ಲದೆ ಬಿಡುವುದು ಹೇಗೆಂದು ಖಚಿತವಾಗುವವರೆಗೆ ಬಿಡದ ಮನಸ್ಸು ಯಂತ್ರ ತಯಾರಿಕೆಯಲ್ಲಿ ಗುಣ. ಹಳೆಯ ಸಾಫ್ಟ್‌ವೇರಿನ ವಿಷಯದಲ್ಲಿ ಅದೇ ಸಾಲವಾಗಿ ಬೆಳೆಯುತ್ತದೆ. ಹಳೆಯ ವ್ಯವಸ್ಥೆಗಳನ್ನು ಬದಲಿಸದಿದ್ದರೆ 2025ರ ನಂತರ ವರ್ಷಕ್ಕೆ 12 ಲಕ್ಷ ಕೋಟಿ ಯೆನ್‌ವರೆಗೆ ನಷ್ಟವಾದೀತು ಎಂದು ಜಪಾನಿನ ಆರ್ಥಿಕ ಸಚಿವಾಲಯವೇ 2018ರಲ್ಲಿ ಎಚ್ಚರಿಸಿತ್ತು.

ಜರ್ಮನಿ: ಪಂಚ್‌ಕಾರ್ಡಿನ ನೆನಪು

ಜರ್ಮನಿಯಲ್ಲಿ ಐಟಿ ಮುಖ್ಯಸ್ಥನ ನಿದ್ದೆ ಕೆಡಿಸುವ ಪ್ರಶ್ನೆ ಬೇರೆ: ಈ ದತ್ತಾಂಶ ನಿನ್ನ ಕೈಗೆ ಬಂದದ್ದು ಯಾರ ಅನುಮತಿಯಿಂದ? ನಾಜಿ ಆಡಳಿತದ ಜನಗಣತಿಗಳನ್ನು ಐಬಿಎಂನ ಜರ್ಮನ್ ಅಂಗಸಂಸ್ಥೆ ಡೆಹೊಮಾಗ್‌ನ ಪಂಚ್‌ಕಾರ್ಡ್ ಯಂತ್ರಗಳು ಎಣಿಸಿದವು. 1939ರ ಗಣತಿ ಅಜ್ಜ ಅಜ್ಜಿಯರು ಯಹೂದಿಗಳೇ ಎಂದು ಕೇಳಿತ್ತು. ಆಮೇಲೆ ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸಂಸ್ಥೆ ಸ್ಟಾಸಿ ನೆರೆಹೊರೆಯವರಿಂದಲೇ ನೆರೆಹೊರೆಯವರ ಕಡತ ಬರೆಸಿತು. ಪಟ್ಟಿಯೊಂದು ಏನು ಮಾಡಬಲ್ಲದು ಎಂಬುದು ಅಲ್ಲಿ ಮನೆಮನೆಯ ನೆನಪು.

ಜಗತ್ತಿನ ಮೊದಲ ದತ್ತಾಂಶ ರಕ್ಷಣೆಯ ಕಾಯ್ದೆ 1970ರಲ್ಲಿ ಹೆಸ್ಸೆ ರಾಜ್ಯದಲ್ಲಿ ಬಂದದ್ದು ಈ ಹಿನ್ನೆಲೆಯಿಂದ. 1983ರ ಜನಗಣತಿಗೆ ಜನ ತಿರುಗಿಬಿದ್ದರು. ಆ ವರ್ಷದ ಡಿಸೆಂಬರ್ 15ರಂದು ಸಂವಿಧಾನ ನ್ಯಾಯಾಲಯ, ತನ್ನ ಮಾಹಿತಿಯ ಬಳಕೆಯನ್ನು ತೀರ್ಮಾನಿಸುವ ಹಕ್ಕು ವ್ಯಕ್ತಿಯದೇ ಎಂದು ಘೋಷಿಸಿತು. ಗೂಗಲ್ ಸ್ಟ್ರೀಟ್ ವ್ಯೂ 2010ರಲ್ಲಿ ಅಲ್ಲಿಗೆ ಕಾಲಿಟ್ಟಾಗ 20 ನಗರಗಳ 2 ಲಕ್ಷ 44 ಸಾವಿರ ಕುಟುಂಬಗಳು ತಮ್ಮ ಮನೆ ಕಾಣದಂತೆ ಮಸುಕು ಮಾಡಿರೆಂದು ಬರೆದುಕೊಟ್ಟವು. ಕಂಪನಿ ಹೊಸ ಚಿತ್ರ ತೆಗೆಯುವುದನ್ನೇ ನಿಲ್ಲಿಸಿ, ಹೊಸ ಚಿತ್ರಗಳೊಂದಿಗೆ ಮರಳಿದ್ದು 2023ರಲ್ಲಿ.

ಜರ್ಮನ್ ಗ್ರಾಹಕರಿಗೆ ಕೆಲಸ ಮಾಡುವ ಬೆಂಗಳೂರಿನ ತಂಡಗಳು ಎಡವುವುದು ಇದಕ್ಕಿಂತ ಒಣ ವಿಷಯವೊಂದರಲ್ಲಿ. ಜರ್ಮನಿಯ 1972ರ ಕಾಯ್ದೆಯ ಪ್ರಕಾರ, ನೌಕರರ ನಡವಳಿಕೆಯನ್ನೋ ಸಾಧನೆಯನ್ನೋ ಗಮನಿಸಬಲ್ಲ ಯಾವುದೇ ತಾಂತ್ರಿಕ ಸಾಧನ ತರುವ ಮುನ್ನ ನೌಕರರ ಮಂಡಳಿಯ ಒಪ್ಪಿಗೆ ಬೇಕು. ಟಿಕೆಟ್ ಯಾರು ಎಷ್ಟು ಹೊತ್ತಿಗೆ ಮುಗಿಸಿದರು ಎಂದು ತೋರಿಸುವ ಸಾಮಾನ್ಯ ಡ್ಯಾಶ್‌ಬೋರ್ಡಿಗೂ ಇದು ಅನ್ವಯಿಸುತ್ತದೆ. ಯೋಜನೆಯ ವೇಳಾಪಟ್ಟಿಯಲ್ಲಿ ಈ ಮಾತುಕತೆಗೆ ತಿಂಗಳುಗಳನ್ನು ತೆಗೆದಿಡದವರು ಆಮೇಲೆ ಜರ್ಮನರು ನಿಧಾನ ಎಂದು ದೂರುತ್ತಾರೆ. ಅದು ನಿಧಾನವಲ್ಲ, ಕೆಳಗಿನವರ ಮಾತು ಮೇಲೆ ಹೋಗಲು ಕಾನೂನೇ ಕಟ್ಟಿದ ಮೆಟ್ಟಿಲು.

ನಾರ್ವೆಯಲ್ಲಿ ಈ ಮೆಟ್ಟಿಲನ್ನು ಇನ್ನೂ ಮೊದಲೇ ಇಟ್ಟರು. ಸಿಮುಲಾ ಭಾಷೆಯ ನಿರ್ಮಾತೃಗಳಲ್ಲೊಬ್ಬನಾದ ಕ್ರಿಸ್ಟೆನ್ ನೈಗಾರ್ಡ್ 1970ರ ದಶಕದ ಆರಂಭದಲ್ಲಿ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಡನೆ ಕೂತು, ಕಾರ್ಖಾನೆಗೆ ಬರುವ ಕಂಪ್ಯೂಟರಿನ ಬಗ್ಗೆ ಕಾರ್ಮಿಕರೇ ಪ್ರಶ್ನೆ ಕೇಳುವಂತೆ ತರಬೇತಿ ರೂಪಿಸಿದ. ಬಳಸುವವರನ್ನು ವಿನ್ಯಾಸಕ್ಕೆ ಕೂರಿಸಿಕೊಳ್ಳುವ ಪದ್ಧತಿ ಜಗತ್ತಿಗೆ ಹರಡಿದ್ದು ಅಲ್ಲಿಂದ.

ಬೆಂಗಳೂರು: ‘ಆಗುತ್ತೆ ಸಾರ್’

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದ ಮೇಲೆ, ಅದರಲ್ಲೂ 2000ನೇ ಇಸವಿಯ ದಿನಾಂಕದ ದೋಷ ತಿದ್ದುವ ಕೆಲಸ ಹರಿದುಬಂದ ಮೇಲೆ, ದೂರದ ಗ್ರಾಹಕನಿಗೆ ತಂತ್ರಾಂಶ ಬರೆದುಕೊಡುವುದು ನಮ್ಮ ಊರಿನ ಕಸುಬಾಯಿತು. ಗ್ರಾಹಕರು ಹೇಳುತ್ತಾ ಬಂದ ದೂರು ಒಂದೇ: ಎಲ್ಲದಕ್ಕೂ ಹ್ಞೂಂ ಎನ್ನುತ್ತಾರೆ, ಗಡುವಿನ ಹಿಂದಿನ ದಿನ ನೋಡಿದರೆ ಕೆಲಸ ಆಗಿರುವುದಿಲ್ಲ.

ಕನ್ನಡ ಬಲ್ಲವರಿಗೆ ‘ಹ್ಞೂಂ’ ಒಂದು ಪದವಲ್ಲ, ಒಂದು ರಾಗಮಾಲೆ. ‘ಆಗುತ್ತೆ ಸಾರ್’ ಎಂದರೆ ಆದೀತು. ‘ಆಗಬಹುದು’ ಎಂದರೆ ಅನುಮಾನ. ‘ಪ್ರಯತ್ನ ಮಾಡ್ತೀವಿ’ ಎಂದರೆ ಆಗುವುದಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ‘ನೋಡೋಣ, ತಿಳಿಸ್ತೀವಿ’ ಎಂದು ಎದ್ದರೆ ಮನೆಯ ಮಕ್ಕಳಿಗೂ ಉತ್ತರ ಗೊತ್ತಾಗುತ್ತದೆ. ಎದುರಿಗಿರುವವರ ಮುಖ ಮುರಿಯದೆ ‘ಇಲ್ಲ’ ಎನ್ನುವ ನಯವಾದ ಸಲಕರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆಮ್‌ಸ್ಟರ್‌ಡ್ಯಾಮಿನ ಗ್ರಾಹಕನೊಡನೆ ಇಂಗ್ಲಿಷಿನಲ್ಲಿ, ಫೋನಿನ ಮೇಲೆ ಮಾತಾಡುವಾಗ ರಾಗವೆಲ್ಲ ಸೋರಿಹೋಗಿ ‘ಯೆಸ್’ ಒಂದೇ ಆ ತುದಿಗೆ ತಲುಪುತ್ತದೆ.

ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಎಸ್. ಕೃಷ್ಣ, ಅವರೊಡನೆ ಸಂದೀಪ್ ಸಹಾಯ್, ಬ್ರಯನ್ ನಿಕಲ್ಸನ್ ಇಂಥ ಸಂಬಂಧಗಳನ್ನು ವರ್ಷಗಟ್ಟಲೆ ಒಳಗಿನಿಂದ ನೋಡಿ 2003ರಲ್ಲಿ ಪುಸ್ತಕ ತಂದರು. ಬೆಂಗಳೂರಿನಲ್ಲಿ ಕೇಂದ್ರ ತೆರೆದ ಒಂದು ಬ್ರಿಟಿಷ್ ಕಂಪನಿಯ ಅಧ್ಯಯನವೂ ಈ ಬಳಗದಿಂದ ಬಂದಿದೆ. ಮೇಲು-ಕೀಳಿಲ್ಲದ, ಯಾರು ಯಾರನ್ನಾದರೂ ಟೀಕಿಸಬಹುದಾದ ತನ್ನ ವಾತಾವರಣವನ್ನು ಆ ಕಂಪನಿ ಹಾಗೇ ಇಲ್ಲಿಗೆ ತರಲು ಹೊರಟಿತ್ತು, ಅದು ಅಂದುಕೊಂಡಂತೆ ನೆಲೆಯೂರಲಿಲ್ಲ.

ಅನುಭವಿ ಮ್ಯಾನೇಜರುಗಳು ಕಂಡುಕೊಂಡ ಉಪಾಯ ಪ್ರಶ್ನೆ ಕೇಳುವ ಬಗೆಯಲ್ಲಿದೆ. ‘ಶುಕ್ರವಾರ ಮುಗಿಯುತ್ತದೆಯೇ’ ಎಂದರೆ ಉತ್ತರ ಹ್ಞೂಂ. ‘ಮುಗಿಯಲು ಏನೇನು ಅಡ್ಡಿಯಿದೆ’ ಎಂದರೆ ಪಟ್ಟಿಯೇ ಹೊರಬರುತ್ತದೆ, ಯಾಕೆಂದರೆ ಈಗ ಅಡ್ಡಿ ಹೇಳುವುದೇ ವಿಧೇಯತೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಬರೆದ ‘ಅಜೈಲ್’ ಪ್ರಣಾಳಿಕೆಯ ಜೊತೆಗೆ ಪ್ರಚಾರಕ್ಕೆ ಬಂದ ದಿನನಿತ್ಯದ ನಿಂತ ಸಭೆಯೂ ಇಲ್ಲಿ ರೂಪ ಬದಲಿಸಿತು. ಸಮಾನರು ಪರಸ್ಪರ ಹೇಳಿಕೊಳ್ಳಬೇಕಾದ್ದನ್ನು ನಮ್ಮ ಎಷ್ಟೋ ತಂಡಗಳಲ್ಲಿ ಎಲ್ಲರೂ ಮ್ಯಾನೇಜರ್ ಕಡೆ ಮುಖ ಮಾಡಿ ವರದಿ ಒಪ್ಪಿಸುತ್ತಾರೆ.

ಆದರೆ ಎಲ್ಲವನ್ನೂ ಸಂಸ್ಕೃತಿಯ ತಲೆಗೆ ಕಟ್ಟುವುದು ಅನ್ಯಾಯ. ಇಲ್ಲ ಎಂದರೆ ಕೆಲಸ ಬೇರೆ ಕಂಪನಿಗೆ ಹೋದೀತು ಎಂಬ ಹೆದರಿಕೆ ಸಂಸ್ಕೃತಿಯಲ್ಲ, ವ್ಯಾಪಾರ. ಅಗ್ಗದ ದರಕ್ಕೆ ಅಸಾಧ್ಯ ಗಡುವು ಒಪ್ಪಿಸಿಕೊಂಡವನು ಆಮೇಲೆ ಭಾರತೀಯರ ಸ್ವಭಾವದ ಬಗ್ಗೆ ಪಾಠ ಹೇಳಿದರೆ ಒಪ್ಪಬೇಕಾಗಿಲ್ಲ.

ನಕ್ಷೆ ನೋಡದ ಜಿಲ್ಲೆಗಳು

ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯ 1991ರಲ್ಲಿ ಬಂಜರು ಭೂಮಿಯ ಅಭಿವೃದ್ಧಿಗೆ ಭೌಗೋಳಿಕ ಮಾಹಿತಿ ವ್ಯವಸ್ಥೆಯನ್ನು ಜಿಲ್ಲಾ ಆಡಳಿತಕ್ಕೆ ಕೊಡಲು ಹತ್ತು ಯೋಜನೆಗಳನ್ನು ಆರಂಭಿಸಿತು. ಉಪಗ್ರಹ ಚಿತ್ರ, ಮಣ್ಣು, ನೀರು, ಇಳಿಜಾರುಗಳನ್ನು ಪದರ ಪದರವಾಗಿ ಜೋಡಿಸಿ ಎಲ್ಲಿ ಏನು ಬೆಳೆಸಬಹುದೆಂದು ತೋರಿಸುವ ನಕ್ಷೆಗಳು ಅವು. ವಿಜ್ಞಾನ ಸಂಸ್ಥೆಗಳು ಶ್ರದ್ಧೆಯಿಂದ ಕೆಲಸ ಮಾಡಿದವು. ಸಂದೀಪ್ ಸಹಾಯ್ ಮತ್ತು ಸಂಶೋಧಕ ಜೆಫ್ ವಾಲ್ಶಮ್ ಇದನ್ನು 1995ರವರೆಗೆ ಹಿಂಬಾಲಿಸಿ ನೋಡಿದಾಗ, ಜಿಲ್ಲೆಯ ದಿನನಿತ್ಯದ ಆಡಳಿತದಲ್ಲಿ ಒಂದೂ ನಿಜವಾಗಿ ಬಳಕೆಗೆ ಬಂದಿರಲಿಲ್ಲ.

ಒಂದು ಕಾರಣ ಇಲಾಖೆಗಳು. ಅರಣ್ಯ, ಕೃಷಿ, ಕಂದಾಯ ಇಲಾಖೆಗಳು ತಮ್ಮ ತಮ್ಮ ಮೇಲಧಿಕಾರಿಗೆ ಉತ್ತರ ಕೊಡುತ್ತವೆಯೇ ಹೊರತು ಪಕ್ಕದ ಕೋಣೆಗಲ್ಲ. ಪದರಗಳನ್ನು ಕೂಡಿಸುವ ತಂತ್ರಾಂಶ, ಕೂಡದ ಕಚೇರಿಗಳ ನಡುವೆ ಸಿಕ್ಕಿಕೊಂಡಿತು. ಇನ್ನೊಂದು ಕಾರಣ ಮನಸ್ಸಿಗೆ ನಾಟುವಂಥದ್ದು: ನಮ್ಮ ಬದುಕಿನಲ್ಲಿ ನಕ್ಷೆಗೆ ಜಾಗವೇ ಇರಲಿಲ್ಲ. ಊರು ಹುಡುಕಿ ಹೊರಟವರು ಕೈಯಲ್ಲಿ ನಕ್ಷೆ ಹಿಡಿಯುವುದಿಲ್ಲ, ಅರಳಿಕಟ್ಟೆಯ ಬಳಿ ಗಾಡಿ ನಿಲ್ಲಿಸಿ ಕೇಳುತ್ತಾರೆ. ‘ಹೀಗೇ ಹೋಗಿ, ಮಾರಮ್ಮನ ಗುಡಿ ಸಿಗುತ್ತೆ, ಅಲ್ಲಿ ಯಾರನ್ನಾದ್ರೂ ಕೇಳಿ’ ಎಂಬುದೇ ನಮ್ಮ ನಕ್ಷೆ. ಮೇಲಿನಿಂದ ಹಕ್ಕಿಯ ಕಣ್ಣಲ್ಲಿ ನೆಲವನ್ನು ನೋಡುವ ಅಭ್ಯಾಸವಿಲ್ಲದ ಅಧಿಕಾರಿಗೆ ಬಣ್ಣದ ಪದರಗಳು ಗೋಡೆಯ ಚಿತ್ರವಷ್ಟೇ.

ಗೂಗಲ್ ಭಾರತದಲ್ಲಿ ದಾರಿ ತೋರಿಸಲು ಹೊರಟಾಗ ಇದನ್ನು ಅರ್ಥ ಮಾಡಿಕೊಂಡಿತು. ಇಲ್ಲಿ ರಸ್ತೆಯ ಹೆಸರು ಯಾರಿಗೂ ಗೊತ್ತಿರುವುದಿಲ್ಲ ಎಂದು ಕಂಡು, 2009ರ ಡಿಸೆಂಬರಿನಲ್ಲಿ ಪೆಟ್ರೋಲ್ ಬಂಕು, ದೇವಸ್ಥಾನದಂಥ ಗುರುತುಗಳ ಮೂಲಕ ದಾರಿ ಹೇಳಲಾರಂಭಿಸಿತು.

ಹೆಸರಿನ ಎರಡು ಖಾನೆ

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಊರು, ತಂದೆ, ತಾನು. ಇದರಲ್ಲಿ ‘ಸರ್‌ನೇಮ್’ ಯಾವುದು? ಎರಡು ಖಾನೆಯ ಫಾರ್ಮಿನ ಮುಂದೆ ಕೂತ ಪ್ರತಿ ಕನ್ನಡಿಗನೂ ಈ ಪ್ರಶ್ನೆ ಎದುರಿಸಿದ್ದಾನೆ. ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಸರ್‌ನೇಮ್ ಖಾನೆಗೆ ಹೋಗಿ ಇನ್ನೊಂದು ಖಾಲಿ ಉಳಿದರೆ, ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಬೀಳುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಅಲ್ಲಿಂದ ಬ್ಯಾಂಕು, ಚಾಲನಾ ಪರವಾನಗಿ, ಮಕ್ಕಳ ಶಾಲೆಯವರೆಗೆ ಆ ಮೂರಕ್ಷರ ಬೆನ್ನು ಹತ್ತುತ್ತದೆ. ಸಿಂಗಪುರದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ವಿಭಾಗಗಳ ಕೆಲಸವನ್ನು ಒಂದೆಡೆ ಜೋಡಿಸುವ ಪಾಶ್ಚಾತ್ಯ ಇಆರ್‌ಪಿ ತಂತ್ರಾಂಶ ಅಳವಡಿಸಿದಾಗಲೂ ಚೀನೀ, ಮಲಯ, ಭಾರತೀಯ ಹೆಸರುಗಳು ಅದರ ಖಾನೆಗಳಲ್ಲಿ ಕೂರಲಿಲ್ಲ ಎಂದು ಕ್ರಿಸ್ಟೀನಾ ಸೊ ಮತ್ತು ಸಂಗಡಿಗರು 2000ದಲ್ಲಿ ದಾಖಲಿಸಿದ್ದಾರೆ. ಇದು ಸಣ್ಣ ವಿಷಯವಲ್ಲ. ಒಂದೇ ರೋಗಿಗೆ ಎರಡು ಕಡತ ಹುಟ್ಟುವುದು ಹೀಗೆ.

ಭೂಮಿ: ಗುಮಾಸ್ತನ ಲೇಖನಿ ಮತ್ತು ಸರದಿ

ಸಂಸ್ಕೃತಿಯನ್ನು ಅರಿತೇ ಕಟ್ಟಿದ ವ್ಯವಸ್ಥೆಗೆ ಕರ್ನಾಟಕದ ಭೂದಾಖಲೆಗಳ ಗಣಕವ್ಯವಸ್ಥೆ ‘ಭೂಮಿ’ ಒಳ್ಳೆಯ ಉದಾಹರಣೆ. ಹಳ್ಳಿಯ ಲೆಕ್ಕ ಮನೆತನದ ಶಾನುಭೋಗರ ಕೈಯಲ್ಲಿತ್ತು. 1961ರ ಕಾಯ್ದೆ ಆ ವಂಶಪಾರಂಪರ್ಯವನ್ನು ತೆಗೆದು ಹಾಕಿದರೂ, ಪಹಣಿ ಬರೆಯುವ ಲೇಖನಿಯ ಶಕ್ತಿ ಗ್ರಾಮ ಲೆಕ್ಕಿಗರಿಗೆ ಬಂತು. ಸುಮಾರು 9 ಸಾವಿರ ಲೆಕ್ಕಿಗರು, 2 ಕೋಟಿ ಪಹಣಿಗಳು, 67 ಲಕ್ಷ ರೈತರು. ಬ್ಯಾಂಕ್ ಸಾಲಕ್ಕೆ ಒಂದು ಪಹಣಿ ನಕಲು ಬೇಕೆಂದರೆ ಲೆಕ್ಕಿಗರು ಸಿಗುವ ದಿನಕ್ಕಾಗಿ ಕಾಯಬೇಕಿತ್ತು.

ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವದಲ್ಲಿ 2001ರ ಹೊತ್ತಿಗೆ ತಾಲ್ಲೂಕು ಕೇಂದ್ರಗಳ ಕಿಯಾಸ್ಕುಗಳಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಸಿಗತೊಡಗಿತು. ನಿಜವಾದ ಚಾಣಾಕ್ಷತೆ ಒಳಗಿನ ಎರಡು ನಿಯಮಗಳಲ್ಲಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ ತಂತ್ರಾಂಶ ಕಟ್ಟುಹಾಕಿತು. ಅಧಿಕಾರಿಗಳು ಬೆರಳಚ್ಚು ಕೊಟ್ಟೇ ಒಳಹೋಗಬೇಕಾದ್ದರಿಂದ ‘ಅದು ನಾನು ಮಾಡಿದ್ದಲ್ಲ’ ಎನ್ನುವಂತಿರಲಿಲ್ಲ. ಶಿಫಾರಸು ಮತ್ತು ಮುಲಾಜು ನಮ್ಮ ಕಚೇರಿಯ ಉಸಿರೆಂದು ಬಲ್ಲವರು ಮಾತ್ರ ಇಂಥ ಜಾಗದಲ್ಲಿ ಬೀಗ ಹಾಕಬಲ್ಲರು. ಲೆಕ್ಕಿಗರಿಂದ ಕಿತ್ತುಕೊಂಡ ಶಕ್ತಿ ಹಾರಿಹೋಗಲಿಲ್ಲ, ತಾಲ್ಲೂಕು ಕಚೇರಿಯಲ್ಲಿ ಗುಡ್ಡೆ ಬಿತ್ತು ಎಂಬ ಟೀಕೆಯೂ ನಿಜ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರ 2007ರ ಅಧ್ಯಯನ, ಬೆಂಗಳೂರಿನ ಸುತ್ತ ದೊಡ್ಡ ಖರೀದಿದಾರರಿಗೆ ಭೂಮಿ ಹಿಡಿಯುವುದು ಇದರಿಂದ ಸಲೀಸಾಯಿತೆಂದು ವಾದಿಸಿತು.

ಸಂಸ್ಕೃತಿ ಹಣೆಬರಹವೇ?

ಮಿಜುಹೊ ಇರುವ ಅದೇ ಜಪಾನಿನಲ್ಲಿ ಟೊಯೊಟಾ ಇದೆ. ನೂಲು ಹರಿದ ಕೂಡಲೇ ತಾನಾಗಿ ನಿಲ್ಲುವ ಮಗ್ಗವನ್ನು ಆ ಸಮೂಹದ ಮೂಲಪುರುಷ ಸಾಕಿಚಿ ತೊಯೊಡಾ ಮಾಡಿದ. 1924ರ ಜಿ ಮಾದರಿಯ ಆ ಮಗ್ಗದ ತತ್ವ ಕಾರು ಕಾರ್ಖಾನೆಗೆ ಬಂದಾಗ ತಲೆಯ ಮೇಲೆ ತೂಗುವ ಹಗ್ಗವಾಯಿತು. ದೋಷ ಕಂಡ ಯಾವ ಕಾರ್ಮಿಕನೂ ಅದನ್ನು ಎಳೆಯಬಹುದು, ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಎಳೆದವನನ್ನು ಬೈಯುವುದಿಲ್ಲ. ಹಿರಿಯರಿಗೆ ಎದುರಾಡದ ಸಮಾಜದಲ್ಲೇ ಕೆಟ್ಟ ಸುದ್ದಿ ಹೇಳಲು ಮಾತೇ ಬೇಡದ ದಾರಿಯೊಂದನ್ನು ಕಟ್ಟಿಕೊಂಡಿದ್ದರು. ಜನರಲ್ ಮೋಟರ್ಸ್ 1982ರಲ್ಲಿ ಮುಚ್ಚಿದ ಕ್ಯಾಲಿಫೋರ್ನಿಯದ ಫ್ರೀಮಾಂಟ್ ಕಾರ್ಖಾನೆ 1984ರಲ್ಲಿ ಟೊಯೊಟಾ ಜೊತೆಗೂಡಿ ಮರಳಿ ತೆರೆದಾಗ, ಕೆಲಸಗಳ್ಳರೆಂದು ಹೆಸರಾಗಿದ್ದ ಅದೇ ಹಳೆಯ ಅಮೆರಿಕನ್ ಕಾರ್ಮಿಕರು ಆ ಹಗ್ಗವನ್ನು ಬಳಸಿ ಒಳ್ಳೆಯ ಕಾರು ಮಾಡಿದರು.

ಇನ್ನು ಬ್ರಿಟನ್. ಹಾಫ್‌ಸ್ಟೀಡ್‌ನ ಲೆಕ್ಕದಲ್ಲಿ ಅಧಿಕಾರದ ಅಂತರ 35, ಎದುರಾಡಲು ಅಂಜದ ನಾಡು. ಅಲ್ಲಿನ ಅಂಚೆ ಸಂಸ್ಥೆ 1999ರಿಂದ ಶಾಖೆಗಳಿಗೆ ತಂದ, ಫುಜಿತ್ಸು ಒಡೆತನದ ಕಂಪನಿ ನಿರ್ಮಿಸಿದ ‘ಹೊರೈಜನ್’ ಲೆಕ್ಕದ ವ್ಯವಸ್ಥೆ, ಕಳೆದೇ ಇರದ ಹಣವನ್ನು ಕಳೆದುಹೋಗಿದೆ ಎಂದು ತೋರಿಸುತ್ತಿತ್ತು. 2015ರವರೆಗೆ 900ಕ್ಕೂ ಹೆಚ್ಚು ಉಪ ಅಂಚೆಪಾಲಕರಿಗೆ ಕಳ್ಳತನ, ಸುಳ್ಳು ಲೆಕ್ಕದ ಆರೋಪದ ಮೇಲೆ ಶಿಕ್ಷೆಯಾಯಿತು. ಹಲವರು ಜೈಲು ಸೇರಿದರು, ಮನೆ ಮಾರಿದರು, ಊರ ಮುಂದೆ ಕಳ್ಳರಾದರು. ದೋಷಗಳಿವೆಯೆಂದು ಕಂಪನಿಯ ಒಳಗೆ ದಾಖಲೆಯಿತ್ತು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತದೆ ಎಂದು ನ್ಯಾಯಾಲಯ ಭಾವಿಸಬೇಕೆಂಬುದು ಅಲ್ಲಿನ ಕಾನೂನಾಗಿತ್ತು.

ಇಲ್ಲಿ ಕೆಳಗಿನವರು ಸುಮ್ಮನಿರಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರು, ಮತ್ತೆ ಮತ್ತೆ ಮಾಡಿದರು. ಈ ತೊಂದರೆ ನಿಮಗೊಬ್ಬರಿಗೇ, ಬೇರೆ ಯಾರೂ ಹೀಗೆ ಹೇಳಿಲ್ಲ ಎಂದು ಆ ತುದಿಯಿಂದ ಹೇಳಿದ್ದಾಗಿ ಅವರಲ್ಲಿ ಎಷ್ಟೋ ಮಂದಿ ಆಮೇಲೆ ಸಾಕ್ಷ್ಯ ನುಡಿದರು. ಪ್ರತಿಯೊಬ್ಬರೂ ತಾನೇ ಎಲ್ಲೋ ತಪ್ಪಿರಬೇಕೆಂದು ನಂಬಿ ರಾತ್ರಿಯೆಲ್ಲ ಲೆಕ್ಕ ಕೂಡಿ ಕಳೆದರು. 2009ರ ನವೆಂಬರಿನಲ್ಲಿ ವಾರಿಕ್‌ಶೈರಿನ ಫೆನ್ನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಭವನದಲ್ಲಿ, ಅವರಂತೆಯೇ ಉಪ ಅಂಚೆಪಾಲಕನಾಗಿದ್ದ ಅಲನ್ ಬೇಟ್ಸ್ ಕರೆದ ಸಭೆಗೆ ಬೇರೆ ಬೇರೆ ಊರುಗಳಿಂದ ಅವರು ಬಂದು ಕೂತರು. ಒಬ್ಬೊಬ್ಬರೇ ತಮ್ಮ ಕಥೆ ಹೇಳಿದರು. ತಮ್ಮ ಹಾಗೆಯೇ ಫೋನ್ ಮಾಡಿದವರು ಇನ್ನೂ ಇದ್ದರೆಂದು ಅವರಿಗೆ ತಿಳಿದದ್ದು ಆ ದಿನ.